ಎದುರು ಕೂತವಳ ಸಾಲು

ಹಣಮವ್ವ ಎರಡು ಸಾಲು ಹಾಡಿ ಸುಮ್ಮನಾದಳು. ಬಲಗೈ ಮಾತ್ರ, ಬೀಸುಕಲ್ಲಿನ ಗೂಟ ಹಿಡಿದಂತೆ, ಜಮಖಾನೆಯ ಮೇಲೆ ಸುತ್ತುತ್ತಲೇ ಇತ್ತು. ಕಪಿಲನ ಗಿಟಾರು ಸ್ವಲ್ಪ ಕಾದು ತಾನೂ ನಿಂತಿತು.

"ಆಯಿ, ಮುಂದಿಂದು ಮರತ್ರೇನು?" ಖಾಜಾ ಡೋಲಕ್ಕಿನಿಂದ ಕೈ ತೆಗೆದ.

"ನಂದು ನಾ ಹಾಡೀನಿ. ನನಗ್ಯಾಕ ಮರೀತದ? ನಿನ್ನ ಡೋಲಕ್ಕಿಗಿ ಕೇಳು, ಅದೇ ತಾಳ ಮರತದ."

ಎಲ್ಲರೂ ನಕ್ಕರು. ಆದರೆ ಹೀಗಾದದ್ದು ಇದು ಮೂರನೆಯ ಸಲ.

ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಕೋಣೆಯ ಗೋಡೆಗಳಿಗೆ, ದನಿ ಮೊಳಗದಿರಲೆಂದು, ಹಳೆಯ ಕೌದಿಗಳನ್ನು ತೂಗುಹಾಕಿದ್ದರು. ಅದೇ ಖಾಜಾನ ಸ್ಟುಡಿಯೋ. ಗಿಟಾರು, ಡೋಲಕ್ಕು, ಬೀಸುವ ಪದ ಮೂರನ್ನೂ ಕೂಡಿಸಿ ಹನ್ನೊಂದಕ್ಕೆ ಲೈವ್ ಬಿಡುವುದಿತ್ತು.

"ವಯಸ್ಸಾಗ್ಯದ ಭಾಯ್," ಕಪಿಲ ಪಿಸುಗುಟ್ಟಿದ.

"ಲೈವ್‌ನ್ಯಾಗ ತಿದ್ದಲಿಕ್ಕ ಬರಲ್ಲ. ಮತ್ತ ನಿಂತ್ರ ಆಯಿ ಮೈಕ್ ಬಂದ್ ಮಾಡ್ತೀನಿ. ನೀ ಗಿಟಾರ್ ಬಾರಿಸ್ಕೋತ ಹೋಗು," ಅಂದ ಖಾಜಾ.

ಬಾಗಿಲ ಬಳಿ ಡೈರಿಯನ್ನು ಎದೆಗವಚಿ ಕೂತಿದ್ದ ಮೊಮ್ಮಗಳು ಲುಂಬಿನಿಗೆ ಅದು ಕೇಳಿಸಿತು. ಅಜ್ಜಿ ಮರೆತಿಲ್ಲವೆಂದು ಅವಳಿಗೆ ಮೊದಲ ಸಲವೇ ಗೊತ್ತಿತ್ತು. ಒಂದೇ ಗೂಟಕ್ಕೆ ಇಬ್ಬರು ಕೈಹಚ್ಚಿ ಬೀಸುವಾಗ, ಒಬ್ಬಳು ಎರಡು ಸಾಲು ಹಾಡಿದರೆ ಮುಂದಿನೆರಡು ಎದುರು ಕೂತವಳದು. ಬಾಯಿಬಿಟ್ಟು ಹೇಳಿದರೆ, ಹಂಗಾರ ನೀನೇ ಹಾಡು ಅಂತಾರೆ. ಅಡುಗೆಮನೆಯಾಚೆ ಅವಳ ದನಿ ಕೇಳಿದವರಿಲ್ಲ. ಬಿ.ಎ. ಮುಗಿಯುವತನಕ ಹಾಜರಿ ಕೂಗಿದಾಗಲೂ ಬರೀ ಕೈಯೆತ್ತಿದವಳು. ಹಣಮವ್ವ ಅವಳ ಕಡೆ ಒಮ್ಮೆ ನೋಡಿ ಸೆರಗು ಸರಿಮಾಡಿಕೊಂಡಳು.

ಗೂಡ್ಸ್ ಗಾಡಿ ದಾಟಿಹೋಯಿತು. ಖಾಜಾ ಫೋನಿನ ಗುಂಡಿ ಒತ್ತಿದ. ಗಿಟಾರು ಧಾಟಿ ಎತ್ತಿಕೊಂಡಿತು. ಅಜ್ಜಿ ಹಾಡಿದಳು:

"ಸಿಳ್ಳಿನ ಸಪ್ಪಳಕ ಎದ್ದೀನಿ ನಸುಕೀಲಿ
ಕಲ್ಲಿಗಿ ಸುರದೀನಿ ಬಿಳಿಜ್ವಾಳ"

ಮತ್ತೆ ಅಲ್ಲಿಗೇ ನಿಲ್ಲಿಸಿದಳು. ಕೈ ಸುತ್ತುತ್ತಿತ್ತು. ಖಾಜಾನ ಬೆರಳು ಮೈಕಿನ ಸ್ವಿಚ್ಚಿನ ಕಡೆ ಸರಿಯಿತು.

ಲುಂಬಿನಿಯ ಎದೆಯಿಂದ ಡೈರಿ ಜಾರಿಬಿತ್ತು. ಅಜ್ಜಿಯ ಎದುರು ಬಂದು ಕೂತು, ಸುತ್ತುವ ಆ ಮುಷ್ಟಿಯ ಮೇಲೆ ತನ್ನ ಮುಷ್ಟಿಯಿಟ್ಟಳು. ಮುಂದಿನೆರಡು ಸಾಲು ಹಾಡಿದಳು:

"ಬಿಳಿಜ್ವಾಳ ಸುರುವಾಗ ಎದುರೀಗಿ ಕುಂತಾಕಿ
ಅಕ್ಕಲ್ಲ ತಂಗಲ್ಲ ಜತಿಗಾತಿ"

"ಹ್ಞಾಂ," ಅಂದಳು ಹಣಮವ್ವ, ಮೈಕಿನೊಳಗೇ. ತನ್ನ ಸಾಲು ಎತ್ತಿಕೊಂಡಳು.

ಡೋಲಕ್ಕು ತಡವಾಗಿ ಬಂದು ಜತೆಗೂಡಿತು. ಇನ್ನೊಂದು ಗಾಡಿ ಬಂತು, ಕೌದಿಗಳು ನಡುಗಿದವು, ಯಾರೂ ನಿಲ್ಲಿಸಲಿಲ್ಲ. ಒಂದರ ಮೇಲೊಂದು ಎರಡು ಮುಷ್ಟಿ ಸುತ್ತಿದಲ್ಲೆಲ್ಲ ಜಮಖಾನೆ ದುಂಡಗೆ ನೆರಿಗೆಗಟ್ಟುತ್ತಿತ್ತು.