ಚಿತ್ರ ಏಳು, ಚಿತ್ರ ಎಂಟು

ಆಸ್ಪತ್ರೆಯ ಕಂಪ್ಯೂಟರ್ ಕೋಣೆಯಲ್ಲಿ ಅವಳಿಗೆ ಹೊಲಿಗೆ ಮೇಡಂ ಎಂದೇ ಹೆಸರು. ಊರೆಲ್ಲ ಮೌಸ್ ಹಿಡಿದು, ಚೌಕ ಎಳೆದು, ಬಣ್ಣ ತುಂಬಿ ವೆಬ್ ಪುಟ ಮಾಡಿ ಬಿಸಾಡುವಾಗ ಇವಳೊಬ್ಬಳು ಕೋಡಿನ ಒಂದೊಂದು ಸಾಲನ್ನೂ ಕೈಹೊಲಿಗೆ ಹಾಕಿದ ಹಾಗೆ ಕೈಯಾರೆ ಟೈಪ್ ಮಾಡುತ್ತಿದ್ದಳು. ಶೀರ್ಷಿಕೆಗೆ ಶೀರ್ಷಿಕೆಯ ಗುರುತು, ಪಟ್ಟಿಗೆ ಪಟ್ಟಿಯ ಗುರುತು. ಹದಿಮೂರು ವರ್ಷ ಹೀಗೆ ದುಡಿದಿದ್ದಕ್ಕೆ ಸಿಕ್ಕಿದ್ದು ಕುತ್ತಿಗೆ ನೋವು ಮತ್ತು ಈ ಅಡ್ಡಹೆಸರು. ಹೊಗಳಿದವರೆಂದರೆ ಅತ್ತೆಯೊಬ್ಬರೇ.

ಅತ್ತೆಗೆ ಕಣ್ಣು ಹೋಗಿ ನಾಲ್ಕು ವರ್ಷ. ಅವಳು ಮಾಡಿದ ಆಸ್ಪತ್ರೆಯ ಪುಟವನ್ನು ಆ ಗುರುತುಗಳ ಜಾಡು ಹಿಡಿದು ಫೋನು ಓದಿ ಹೇಳುತ್ತದೆ. ಅತ್ತೆ ಬೆರಳಾಡಿಸುತ್ತ ಕೇಳಿಸಿಕೊಂಡು, ಡಾಕ್ಟರನ್ನು ಕಾಣುವ ಸಮಯವನ್ನು ತಾವೇ ಗೊತ್ತು ಮಾಡಿಕೊಳ್ಳುತ್ತಾರೆ. ಮಗನನ್ನೂ ಕೇಳುವುದಿಲ್ಲ, ಸೊಸೆಯನ್ನೂ ಕೇಳುವುದಿಲ್ಲ. ಅದೊಂದು ಹಮ್ಮು ಉಳಿದಿದೆ ಅವರಿಗೆ, ಇರಲಿ ಬಿಡಿ.

ಆ ಬುಧವಾರ ಮ್ಯಾನೇಜರು ಬಂದು, ಅದೇ ಪುಟ ಸಂಜೆಯೊಳಗೆ ಹೊಸದಾಗಬೇಕು, ಮೌಸಿನಲ್ಲಿ ಎಳೆದು ಕೂರಿಸುವ ಎಡಿಟರ್ ಸಾಫ್ಟ್‌ವೇರನ್ನು ತಂದಿದ್ದು ನೋಡಿಕೊಂಡಿರುವುದಕ್ಕಲ್ಲ ಎಂದರು. ಬೇರೆ ದಿನವಾಗಿದ್ದರೆ ಅವಳು ಜಗಳಕ್ಕೇ ನಿಲ್ಲುತ್ತಿದ್ದಳು. ಅವತ್ತು ಸುಸ್ತಾಗಿತ್ತು, ಮಲಗಿದರೆ ಹೋಗುವಂಥ ಸುಸ್ತಲ್ಲ ಅದು. ಹತ್ತರಲ್ಲಿ ಹನ್ನೊಂದಾಗಲಿ ಎಂದುಕೊಂಡು ಎಳೆದಳು, ಕೂರಿಸಿದಳು. ಡಾಕ್ಟರ ಹೆಸರು, ಸಮಯ ಎಲ್ಲವನ್ನೂ ಎಡಿಟರು ಚೆಂದದ ಚಿತ್ರಗಳನ್ನಾಗಿ ಮಾಡಿಕೊಟ್ಟಿತು. ಚಿತ್ರದೊಳಗೆ ಏನಿದೆ ಎಂದು ಒಂದೊಂದಕ್ಕೂ ಬರೆಯದಿದ್ದರೆ ಫೋನಿಗೆ ಓದಲು ಬರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ನಾಳೆ ಬರೆದರಾಯಿತು ಎಂದು ಎದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಈ ಸಲ ದೊಣ್ಣೆ ಕುಂಬಾರನ ಕೈಯಲ್ಲೇ ಇತ್ತು.

ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಒಳಗಿಂದ ಫೋನಿನ ದನಿ ಕೇಳಿಸಿತು. ಚಿತ್ರ ಏಳು. ಚಿತ್ರ ಎಂಟು. ಚಿತ್ರ ಒಂಬತ್ತು. ಅತ್ತೆ ಮಂಚದ ತುದಿಯಲ್ಲಿ ಕೂತು, ಎಷ್ಟನೆಯ ಸಲವೋ, ಮತ್ತೆ ಮೊದಲಿನಿಂದ ಬೆರಳಾಡಿಸುತ್ತಿದ್ದರು.

"ಇದನ್ನ ಯಾರೇ ಮಾಡಿದ್ದು? ನೀನಂತೂ ಅಲ್ಲ ಬಿಡು," ಎಂದರು. "ನಿನ್ನ ಪುಟದಲ್ಲಿ ನಾನು ನಮ್ಮನೇಲಿ ಓಡಾಡೋ ಹಾಗೆ ಓಡಾಡ್ತಿದ್ದೆ."

ಯಾರೋ ದಣಿದವರು ಮಾಡಿರಬೇಕು ಎಂದು ಗೊಣಗಿದಳು.

ಅತ್ತೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಮಾಡದ ಕೆಲಸ ಮಾಡಿದರು. ಫೋನನ್ನು ಅವಳತ್ತ ಚಾಚಿ, "ನೀನೇ ನೋಡಿ ಹೇಳಮ್ಮ," ಎಂದರು.

ಅವಳು ಫೋನನ್ನು ಮುಟ್ಟಲಿಲ್ಲ.

"ನಾನೇ ಮಾಡಿದ್ದು, ಅತ್ತೆ. ನಾಳೆ ಮಧ್ಯಾಹ್ನದವರೆಗೆ ತಡೀರಿ. ನೀವೇ ನೋಡ್ಕೊಳ್ಳೋ ಹಾಗೆ ಮಾಡ್ತೀನಿ."

ಮತ್ತೆ ಮೊದಲ ಸಾಲಿನಿಂದ ಟೈಪ್ ಮಾಡಬೇಕು, ಮ್ಯಾನೇಜರ ಮುಖ ನೋಡಬೇಕು. ನೆನೆದರೇ ಕುತ್ತಿಗೆ ಹಿಡಿದುಕೊಂಡಿತು. ಅತ್ತೆ ಫೋನನ್ನು ಮಂಚದ ಮೇಲಿಟ್ಟು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆಗಲು ತಡವಿ ಹುಡುಕಿ ಕುತ್ತಿಗೆ ಒತ್ತತೊಡಗಿದರು.