ಸಿಗ್ರೂನ್ ನನ್ನನ್ನು ಬೈಯದ ಮಾತು

ಈ ಕಥೆಯನ್ನು ಫೋನಿನಿಂದ ಶುರು ಮಾಡಬೇಕೋ ವಾಫಲ್‌ನಿಂದಲೋ ಎಂದು ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ಫೋನಿನಿಂದ ಶುರುವಾದರೆ ನಾನು ಬಡಪಾಯಿ. ವಾಫಲ್‌ನಿಂದಾದರೆ ತಪ್ಪು ನನ್ನದೇ. ಹಾಗಾಗಿ ಫೋನು.

೧
ನಾನು ಐವಿಂದ್, ಓಸ್ಲೋದವನು, ಈ ಕಥೆಯ ಲೇಖಕ. ನಾಯಕಿ ಸಿಗ್ರೂನ್, ಉತ್ತರದ ಸೆನ್ಯಾ ದ್ವೀಪದ ಮೀನುಗಾರರ ಮಗಳು, ಇಪ್ಪತ್ತಾರು ವರ್ಷದಿಂದ ನನ್ನ ಹೆಂಡತಿ. ನನ್ನೊಡನೆ ಅವಳು ಆಡುವುದು ಓಸ್ಲೋ ಮಾತು, ಇಸ್ತ್ರಿ ಮಾಡಿಟ್ಟಂಥದ್ದು. ಸೆನ್ಯಾದಿಂದ ಫೋನ್ ಬಂದರೆ ಸಾಕು, ನಾಲಿಗೆ ಊರು ಸೇರಿಬಿಡುತ್ತದೆ.

(ಆ ಮಾತನ್ನು ನಿಮಗೆ ಕೇಳಿಸುವುದು ಹೇಗೆ? ಸೆನ್ಯಾಕ್ಕೆ ಧಾರವಾಡವನ್ನು ಕೊಟ್ಟಿದ್ದೇನೆ, ಓಸ್ಲೋಗೆ ಮೈಸೂರನ್ನು. ಐವಿಂದನಿಗೆ ಧಾರವಾಡ ಹೇಗೆ ಗೊತ್ತು ಎಂದು ಕೇಳಬೇಡಿ. ಕೇಳಿದರೆ ಕಥೆ ಇಲ್ಲಿಗೇ ನಿಲ್ಲುತ್ತದೆ.)

೨
ಫೋನ್ ಮಾಡುವವನು ಆರ್ನ್‌ಫಿನ್, ಅವಳ ಶಾಲೆಯ ಗೆಳೆಯ, ಮೀನಿನ ಲಾರಿ ಓಡಿಸುತ್ತಾನೆ.

"ಏನಲೇ ಮಂಗ್ಯಾನಮಗನ, ಇನ್ನೂ ಸತ್ತಿಲ್ಲೇನು?" ಎಂದು ಅವಳು ನಗುತ್ತಾಳೆ.

ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು? ಇಷ್ಟು ವರ್ಷದಲ್ಲಿ ಒಮ್ಮೆಯೂ ಅವಳು ನನ್ನನ್ನು ಮಂಗ್ಯಾನಮಗ ಎಂದಿಲ್ಲ. ನನಗೆ ಸಿಕ್ಕಿರುವುದು, "ರೀ, ಕಾಫಿ ಆರೋಗತ್ತೆ."

೩ (ಹರಿದು ಹಾಕಿದ ಕರಡು)
ಇಲ್ಲಿ ಆರ್ನ್‌ಫಿನ್‌ನ ಲಾರಿಯನ್ನು ಹಿಮದಲ್ಲಿ ಜಾರಿಸಿ ಸಮುದ್ರಕ್ಕೆ ಬೀಳಿಸಿದ್ದೆ. ಎರಡು ಪುಟ, ಬಹಳ ಚೆನ್ನಾಗಿ ಬಂದಿತ್ತು. ಸಿಗ್ರೂನ್ ಓದಿದಳು.

"ಅವನನ್ಯಾಕೆ ಸಾಯಿಸಿದ್ರಿ?"

"ಕಥೆಗೆ ಬೇಕಿತ್ತು."

"ಕಥೆಗಲ್ಲ, ನಿಮಗೆ. ನಿಮ್ಮಮ್ಮನ ಮನೇಲಿ ಆ ಭಾನುವಾರ ಆಗಿದ್ದು ಎಲ್ಲಿ ಬರ್ದಿದೀರ?"

"ಅದು ಹಳೇದು, ಬಿಡು."

"ಹಂಗಾದ್ರೆ ಈ ಕಥೇಲಿ ನಾನಿಲ್ಲ. ಒಬ್ರೇ ಮಾತಾಡ್ಕೊಳಿ."

ಎರಡು ದಿನ ಒಬ್ಬನೇ ಮಾತಾಡಿಕೊಂಡೆ. ಒಂದು ಸಾಲೂ ಮುಂದೆ ಹೋಗಲಿಲ್ಲ.

೪
ಸರಿ, ವಾಫಲ್.

ಮದುವೆಗೆ ಮುಂಚೆ ಒಂದು ಭಾನುವಾರ, ಅಮ್ಮನ ಮನೆ. ಅಚ್ಚಿನಲ್ಲಿ ಬೇಯಿಸಿದ ಸಿಹಿ ದೋಸೆಯಂಥ ಬಿಸಿ ವಾಫಲ್, ಮೇಲೆ ಕಂದು ಚೀಸ್. ಸಿಗ್ರೂನ್ ತಟ್ಟೆ ಚಾಚಿ, "ಇನ್ನೊಂದು ಹಾಕ್ರಿ ಅತ್ತಿ, ಭಾಳ ರುಚಿ ಆಗೇತಿ" ಎಂದಳು. ಅಮ್ಮ ತುಟಿ ಬಿಗಿಹಿಡಿದರು. ನಾನು ಅದೇ ಮಾತನ್ನು ಅದೇ ರಾಗದಲ್ಲಿ ಅಣಕಿಸಿದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಮರುದಿನ ಅವಳು ಮಾತಾಡಿದ್ದು ಓಸ್ಲೋ ಮಾತು. ಎಷ್ಟು ಬೇಗ ಕಲಿತಳು ಎಂದು ನಾನು ಹೆಮ್ಮೆಪಟ್ಟೆ.

(ಇದನ್ನು ಓದಿ ಸಿಗ್ರೂನ್ "ಹೂಂ" ಎಂದಳು. ಕಥೆಗೆ ಮರಳಿ ಬಂದಳು. ಮಾತು ಮಾತ್ರ ಇನ್ನೂ ಓಸ್ಲೋದ್ದೇ.)

೫
ನಿನ್ನೆ ಬೆಳಿಗ್ಗೆ ಹತ್ತು ಗಂಟೆಗೆ ಆರ್ನ್‌ಫಿನ್‌ನ ಲಾರಿ ನಮ್ಮ ಬೀದಿಯ ತಿರುವಿನಲ್ಲಿ ನಿಂತಿತ್ತು. ಒಣಮೀನಿನ ಕಟ್ಟು ತಂದಿದ್ದ. ನಾನೇ ಇಳಿದು ಹೋದೆ.

"ನಿನ್ನ ಫೋನ್ ಒಂದ್ನಿಮಿಷ ಕೊಡು."

"ನಿಮ್ದ್ ಎಲ್ಲೈತ್ರೀ?"

"ಜೇಬಲ್ಲಿದೆ."

ಅವನು ನನ್ನ ಮುಖ ನೋಡಿದ, ಏನೂ ಕೇಳದೆ ಕೊಟ್ಟ. (ಸಾಯಿಸದೆ ಉಳಿಸಿದ್ದು ಒಳ್ಳೆಯದಾಯಿತು.) ಅವನ ನಂಬರಿನಿಂದಲೇ ಮನೆಗೆ ಫೋನ್ ಮಾಡಿದೆ. ಸಿಗ್ರೂನ್ ಎತ್ತಿದಳು.

"ಏನಲೇ ಮಂಗ್ಯಾನಮಗನ, ಎಲ್ಲಿ ಅದಿ? ಕಾಫಿ ಇಟ್ಟೇನಿ, ಲಗೂನ ಬಾ."

ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಯಾಕ ಮಾತಾಡವಲ್ಲಿ?"

ಇಲ್ಲಿಗೆ ಮೂರು ಮುಕ್ತಾಯ ಬರೆದು ನೋಡಿದ್ದೇನೆ. ಒಂದು: ನಾನು ಬಾಯಿಬಿಡುತ್ತೇನೆ, ಅವಳು "ಓ, ನೀವಾ, ಹೇಳಿ" ಎನ್ನುತ್ತಾಳೆ. ಬೇಡ. ಎರಡು: ಅವಳ ಮಾತಿನಲ್ಲೇ ಉತ್ತರಿಸುತ್ತೇನೆ. ನನ್ನ ಬಾಯಲ್ಲಿ ಅದು ಆ ಭಾನುವಾರದ ಅಣಕವೇ. ಮೂರು: ಫೋನ್ ಇಡುತ್ತೇನೆ. ಅದಕ್ಕೆ ಮನಸ್ಸು ಬರಲಿಲ್ಲ, ಅವಳಿನ್ನೂ ಮಾತಾಡುತ್ತಿದ್ದಳು.

"ಅಲಾ, ನೀ ಆರ್ನ್‌ಫಿನ್ ಅಲ್ಲ."

ಗುರುತು ಹಿಡಿದಳೆಂದು ನನಗೆ ಗೊತ್ತಾಯಿತು. ಉಸಿರು ಒಳಗೆಳೆದುಕೊಂಡದ್ದು ಕೇಳಿಸಿತು. ನಂತರ ಒಂದು ಮಾತು ಆಡಿದಳು.

ಏನೆಂದಳು, ಯಾವ ಊರಿನ ಮಾತಿನಲ್ಲಿ, ನಾನು ಬರೆಯುವುದಿಲ್ಲ. ಅವಳು ಅದನ್ನು ಹೇಳಿದ್ದು ನನಗೆ, ನಿಮಗಲ್ಲ.