ಮಾತು ಬಿಟ್ಟ ಟೆಸ್ಸಮ್ಮ

ಮೈಸೂರಿನ ಚಾಮರಾಜಪುರಂನಲ್ಲಿ ಸಿದ್ದರಾಜು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಲೋರೇನ್ ಮತ್ತು ಡೆಸ್ಮಂಡ್ ಆಂಗ್ಲೋ ಇಂಡಿಯನ್ ದಂಪತಿ. ಮುತ್ತಜ್ಜಂದಿರ ಕಾಲದಿಂದಲೂ ಅವರ ಮನೆಮಾತು ಇಂಗ್ಲಿಷ್. ಲೋರೇನ್ ಶಾಲೆಯಲ್ಲಿ ಕಲಿಸುತ್ತಿದ್ದುದೂ ಅದನ್ನೇ. ಆದರೆ ಮೂರು ವರ್ಷದ ಮಗಳು ಟೆಸ್ಸಾ ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ಅವಳು ಬೆಳೆದದ್ದು ಕೆಳಮನೆಯ ಅಂಬುಜಮ್ಮನ ಸೊಂಟದ ಮೇಲೆ.

ಇದು ಯಾರಿಗೂ ತೊಂದರೆ ಅನ್ನಿಸಿರಲಿಲ್ಲ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಡೆಸ್ಮಂಡ್‌ಗೆ ನರ್ಸ್ ಕೆಲಸ ಸಿಕ್ಕಿ ವೀಸಾ ಬಂದ ವಾರ, ಅಲ್ಲಿ ನೆಲೆಸಿದ್ದ ಅವನ ಚಿಕ್ಕಮ್ಮ ಐವಿ ವಿಡಿಯೊ ಕರೆ ಮಾಡಿ ಮಗುವಿನ ಹೆಸರು ಕೇಳಿದರು.

"ಟೆಸ್ಸಮ್ಮ ಕಣ್ರೀ. ನಿಮ್ದೇನು?"

ಐವಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇಲ್ಲಿ ನೀನೂ ಕೆಲಸಕ್ಕೆ ಹೋಗಬೇಕಾಗುತ್ತೆ ಲೋರೇನ್. ದಿನವೆಲ್ಲ ಶಿಶುವಿಹಾರದಲ್ಲಿರೋ ಮಗು ಹೊಟ್ಟೆನೋವು ಅಂದರೆ ಯಾರಿಗೆ ತಿಳಿಯುತ್ತೆ?" ಎಂದರು.

ಆ ಪ್ರಶ್ನೆ ಲೋರೇನ್‌ಳ ಬೆನ್ನು ಹತ್ತಿತು. ಅನ್ನ ಇಡುವಾಗ, ಶಾಲೆಯಲ್ಲಿ ಹಾಜರಿ ಕರೆಯುವಾಗ, ಅಪರಿಚಿತರ ನಡುವೆ ಹೊಟ್ಟೆ ಹಿಡಿದು ನಿಂತ ಮಗಳೇ ಕಣ್ಣಿಗೆ ಬರತೊಡಗಿದಳು. ಕೊನೆಗೆ ಒಂದು ಬೆಳಿಗ್ಗೆ ಕೆಳಗಿಳಿದು ಬಂದು, "ಹೊರಡೋವರೆಗೂ ಇವಳ ಹತ್ರ ಕನ್ನಡ ಮಾತಾಡಬೇಡಿ ಆಂಟಿ. ಬೇಜಾರು ಮಾಡ್ಕೋಬೇಡಿ," ಎಂದು ಬೇಡಿಕೊಂಡಳು.

"ಬೇಜಾರ್ಯಾಕೆ? ಮಗು ಅಲ್ಲಿ ಬಾಳಿ ಬದುಕಬೇಕಲ್ವಾ," ಎಂದರು ಅಂಬುಜಮ್ಮ.

ಅವರಿಗೆ ಇಂಗ್ಲಿಷ್ ಬಾರದು. ಆದ್ದರಿಂದ ಮಾತನ್ನೇ ನಿಲ್ಲಿಸಿಬಿಟ್ಟರು. ತುತ್ತು ಎತ್ತಿ ತೋರಿಸಿ ಉಣಿಸುವರು, ಕೆನ್ನೆಗೆ ಅಂಗೈ ಇಟ್ಟು ಮಲಗು ಎನ್ನುವರು. ಮಗು ಏನಾದರೂ ಕೇಳಿದರೆ ತುಟಿಗೆ ಬೆರಳಿಟ್ಟು ನಗುವರು. ಗಂಡ ಸಿದ್ದರಾಜುಗೆ ಇದೆಲ್ಲ ತಮಾಷೆ.

"ಮದ್ವೆ ಆದಾಗಿಂದ ಇವಳ ಬಾಯಿ ಮುಚ್ಸಕ್ಕೆ ನನ್ನ ಕೈಲಿ ಆಗ್ಲಿಲ್ಲ ಕಣಮ್ಮ ಲೋರೇನು. ನೀನು ಒಂದೇ ಮಾತಿಗೆ ಮುಚ್ಚಿಸ್ಬುಟ್ಟೆ."

ಲೋರೇನ್ ನಕ್ಕಳು. ಆದರೆ ಕೆಲವೇ ದಿನಗಳಲ್ಲಿ ಟೆಸ್ಸಾ ಕೂಡ ತುಟಿಗೆ ಬೆರಳಿಡಲು ಕಲಿತಳು. ಆಮೇಲೆ ಬೆರಳೂ ಬೇಕಾಗಲಿಲ್ಲ. ಕನ್ನಡವೂ ಇಲ್ಲ, ಇಂಗ್ಲಿಷೂ ಇಲ್ಲ. ಬೇಕಾದ್ದನ್ನು ತೋರಿಸುವಳು, ಬೇಡವಾದರೆ ತಲೆ ಆಡಿಸುವಳು. ಡಾಕ್ಟರು ಪರೀಕ್ಷಿಸಿ ಕಿವಿ, ಗಂಟಲು ಎಲ್ಲ ಸರಿಯಿದೆ ಎಂದರು. ಹೊಸ ಜಾಗಕ್ಕೆ ಹೊಂದಿಕೊಂಡ ಮೇಲೆ ಸರಿಹೋಗುತ್ತಾಳೆ ಎಂದ ಡೆಸ್ಮಂಡ್. ಸರಿಹೋಗದಿದ್ದರೆ? ಸೂಟ್‌ಕೇಸಿಗೆ ಬಟ್ಟೆ ತುಂಬುತ್ತಲೇ ಲೋರೇನ್ ಪಕ್ಕದ ಕೋಣೆಗೆ ಕಿವಿಗೊಡುತ್ತಿದ್ದಳು.

ಹೊರಟ ದಿನ ಅಂಬುಜಮ್ಮ ಮಗುವನ್ನು ಎತ್ತಿಕೊಂಡು ಏನೋ ಹೇಳಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಅದನ್ನು ಕಂಡು ಲೋರೇನ್‌ಗೆ, ಮಾತಾಡಿ ಆಂಟಿ, ಅನ್ನಬೇಕೆನ್ನಿಸಿತು. ಭಯ ಹಾಗೆನ್ನಲು ಬಿಡಲಿಲ್ಲ. ಕಾರು ಹೊರಟೇಬಿಟ್ಟಿತು.

ಪರ್ತ್‌ನಲ್ಲಿ ಪುಟ್ಟ ಮನೆ, ಒಳ್ಳೆಯ ಗಾಳಿ, ಕೈಕುಲುಕಿ ಹೋದ ನೆರೆಯವರು, ಎಲ್ಲ ಇತ್ತು. ಮಗುವಿನ ಮಾತೊಂದಿರಲಿಲ್ಲ. ಲೋರೇನ್‌ಗೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಟೆಸ್ಸಾಳನ್ನು ಮೊದಲ ಸಲ ಶಿಶುವಿಹಾರದಲ್ಲಿ ಬಿಟ್ಟುಬಂದ ದಿನ, ಫೋನು ಅಲುಗಿದಾಗಲೆಲ್ಲ ಶಿಶುವಿಹಾರದ ನಂಬರೇ ಎಂದು ತೆಗೆದು ನೋಡುತ್ತಿದ್ದಳು. ಸಂಜೆ ಓಡುತ್ತಲೇ ಹೋದಳು.

ಮಕ್ಕಳನ್ನು ನೋಡಿಕೊಳ್ಳುವ ಗ್ವೆನ್ ಎಂಬ ಹಿರಿಯಾಕೆ ಗೋಡೆ ಹಿಡಿದು ನೆಲದಿಂದ ಎದ್ದಳು. "ನಿಮ್ಮ ಮಗಳಿಗೆ ನಾನು ತುಂಬ ಹಿಡಿಸಿದ್ದೇನೆ. ಬೆಳಿಗ್ಗೆಯಿಂದ ನಿಯರ್, ನಿಯರ್ ಅಂತಲೇ ಇದ್ದಾಳೆ. ಪಕ್ಕ ಕೂತೆ, ಸಾಲಲಿಲ್ಲ. ಹತ್ತಿರ ಸರಿದೆ, ಮತ್ತೂ ನಿಯರ್ ಅಂದಳು. ಕೊನೆಗೆ ತೊಡೆ ಮೇಲೆ ಕೂರಿಸಿಕೊಂಡೆ," ಎಂದಳು ಇಂಗ್ಲಿಷಿನಲ್ಲಿ.

"ಮಾತಾಡಿದಳಾ?" ಲೋರೇನ್‌ಗೆ ಮೊದಲು ಕೇಳಿಸಿದ್ದು ಅದೊಂದೇ. ಆಮೇಲೆ ಹೊಳೆಯಿತು. "ನಿಯರ್ ಅಲ್ಲ ಗ್ವೆನ್. ನೀರು. ನಮ್ಮೂರಿನಲ್ಲಿ ವಾಟರ್‌ಗೆ ಹಾಗನ್ನುತ್ತಾರೆ."

ಗ್ವೆನ್ ಕೆನ್ನೆಗೆ ಕೈ ಇಟ್ಟುಕೊಂಡಳು. "ಪಾಪದ ಕೂಸು, ಊಟದ ಹೊತ್ತಿನಲ್ಲಿ ಕುಡಿದದ್ದಷ್ಟೇ," ಎನ್ನುತ್ತ ಮಂಡಿನೋವು ಮರೆತು ಒಳಗೆ ಓಡಿದಳು.

ಲೋರೇನ್ ಮಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಳು. ಅವಳ ಬಾಯಿಂದ ಎಷ್ಟೋ ದಿನಗಳ ಮೇಲೆ ಕನ್ನಡ ಹೊರಟಿತು. "ಟೆಸ್ಸಮ್ಮ, ಬಾಯಾರಿಕೆ ಆಗಿದ್ಯಾ?"

ಮಗು ಸುತ್ತ ನೋಡಿ, ಕಿವಿಯ ಹತ್ತಿರ ಬಂದು ಪಿಸುಗುಟ್ಟಿತು. "ಇಲ್ಲಿ ಮಾತಾಡಬೋದಾ ಮಮ್ಮಿ?"

ಲೋರೇನ್ ಅವಳನ್ನು ಎದೆಗೆ ಎಳೆದುಕೊಂಡಳು. "ಮಾತಾಡು ಕಂದ. ಎಷ್ಟು ಬೇಕಾದ್ರೂ."

ಬಸ್ಸಿನಲ್ಲೇ ಮೈಸೂರಿಗೆ ಫೋನು ಮಾಡಿ, ಸ್ಪೀಕರ್ ಹಾಕಿ ಮಗಳ ಕೈಗೆ ಕೊಟ್ಟಳು. ಆ ಕಡೆಯಿಂದ ಉಸಿರಷ್ಟೇ ಕೇಳಿತು. ಅಂಬುಜಮ್ಮ ಇನ್ನೂ ಮಾತು ಉಳಿಸಿಕೊಂಡಿದ್ದರು.

"ಮಾತಾಡಿ ಆಂಟಿ, ಕನ್ನಡದಲ್ಲೇ," ಎಂದಳು ಲೋರೇನ್. "ತಪ್ಪು ನಂದು."

"ಬುಡಮ್ಮ, ತಪ್ಪೇನ್ ಬಂತು," ಎಂದವರೇ ಅಂಬುಜಮ್ಮ ಮಗುವನ್ನು ಮಾತಿಗೆಳೆದರು. "ಉಂಡ್ಯಾ ಟೆಸ್ಸಮ್ಮ? ಏನ್ ಉಂಡೆ?" ಇಳಿಯುವ ನಿಲ್ದಾಣ ದಾಟಿಹೋಯಿತು. ಲೋರೇನ್ ಏಳಲಿಲ್ಲ.

ಮಾರನೆಯ ಬೆಳಿಗ್ಗೆ ಅವಳಿಗೆ ಮತ್ತೆ ಅಳುಕು: ಈಗ ಇಂಗ್ಲಿಷ್ ಬಾರದೇ ಹೋದರೆ? ಶಿಶುವಿಹಾರದ ಬಾಗಿಲಲ್ಲೇ ನಿಂತು ನೋಡಿದಳು. ಟೆಸ್ಸಾ ನೆಟ್ಟಗೆ ಹೋಗಿ ಚಾಪೆಯ ಮೇಲೆ ಕುಳಿತು, "ನೀರು," ಎಂದಳು. ಪಾಠ ಕಲಿತಿದ್ದ ಗ್ವೆನ್ ಸಂಭ್ರಮದಿಂದ ಲೋಟ ತುಂಬಿ ತಂದಳು. ಟೆಸ್ಸಾ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಹಿಂದಿನ ದಿನ ಗ್ವೆನ್ ಕೂತಿದ್ದ, ತನ್ನ ಬಳಿಯ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು.